ಉಲ್ಲೇಖಗಳ ಎಣಿಕೆ ಮತ್ತು ವಿದ್ವತ್ತಿನ ಪ್ರಭಾವ: ಎಸ್. ಆರ್. ರಂಗನಾಥನ್ ಅವರನ್ನು ಆಧರಿಸಿದ ಒಂದು ಪರಿಶೀಲನೆ

ಒಬ್ಬ ವಿದ್ವಾಂಸನ ಬರಹವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅವನು ಯಾರು ಯಾರೊಡನೆ ಸೇರಿ ಬರೆದಿದ್ದಾನೆ ಎಂಬ ಎರಡು ಸಂಗತಿಗಳನ್ನು ಎಣಿಸಿ, ಅವನ ಪ್ರಭಾವವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಮಾಹಿತಿ ವಿಜ್ಞಾನದಲ್ಲಿ ಬೆಳೆದು ಇಂದು ಎಲ್ಲ ಶಾಸ್ತ್ರಗಳಿಗೂ ಹರಡಿದೆ. ಕನ್ನಡ ಅಧ್ಯಾಪಕರಿಗೆ ಇದು ದೂರದ ವಿಷಯವಾಗಿ ಉಳಿದಿಲ್ಲ. 2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ವಿಶ್ವವಿದ್ಯಾನಿಲಯಗಳ ಪ್ರಕಟಣೆ ಮತ್ತು ಉಲ್ಲೇಖಗಳ ಸಂಖ್ಯೆಯನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ದತ್ತಸಂಚಯಗಳಿಂದ ಪಡೆಯಲಾಗಿದೆ. ನ್ಯಾಕ್ ಮೌಲ್ಯಮಾಪನದ ನಮೂನೆಗಳಲ್ಲಿ ಎಚ್-ಸೂಚ್ಯಂಕವನ್ನು ಕೇಳುವ ಅಂಕಣ ಬಂದಿದೆ. ಆ ಅಂಕಣದ ಎದುರು ಸೊನ್ನೆ ಬರೆದು ಕಳಿಸುವ ಕನ್ನಡ ವಿಭಾಗಗಳು ತಮ್ಮಲ್ಲಿ ಸಂಶೋಧನೆ ನಡೆದಿಲ್ಲವೆಂದು ತಾವೇ ಬರೆದುಕೊಟ್ಟಂತಾಗುತ್ತದೆ. ಈ ಅಂಕಿಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯಲಾರವು ಎಂಬುದನ್ನು ತಿಳಿಯದೆ ಅವನ್ನು ಒಪ್ಪಿಕೊಳ್ಳುವುದೂ ಸಲ್ಲದು, ತಳ್ಳಿಹಾಕುವುದೂ ಸಲ್ಲದು.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಒಬ್ಬ ವಿದ್ವಾಂಸರನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಅವರು ಶಿಯಾಳಿ ರಾಮಾಮೃತ ರಂಗನಾಥನ್ (1892–1972). ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಇವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಡಿಆರ್‌ಟಿಸಿ ಎಂದೇ ಪರಿಚಿತವಾದ ಸಂಸ್ಥೆ ಅವರ ಸೃಷ್ಟಿ. ಈ ಅಧ್ಯಯನಕ್ಕೆ ಅವರನ್ನು ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿದೆ. ಗ್ರಂಥಾಲಯದ ಕೆಲಸಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಅಳೆಯಬೇಕೆಂದು 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ಸೇರಿದ್ದ ಆಸ್ಲಿಬ್ ಸಮ್ಮೇಳನದಲ್ಲಿ ಸೂಚಿಸಿ, ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟವರು ಅವರೇ. ಬಿಬ್ಲಿಯೊಮೆಟ್ರಿಕ್ಸ್ ಎಂಬ ಹೆಸರನ್ನು ಅಲನ್ ಪ್ರಿಚರ್ಡ್ ಬಳಕೆಗೆ ತಂದದ್ದು 1969ರಲ್ಲಿ. ಅಳೆಯುವ ಮಾತನ್ನು ಇಷ್ಟು ಮೊದಲೇ ಆಡಿದವರನ್ನೇ ಅಳೆಯಹೊರಟರೆ ಏನಾಗುತ್ತದೆಂಬುದು ಕುತೂಹಲದ ಸಂಗತಿ.

ಅಳತೆಯ ಸಾಧನಗಳು

ಉಲ್ಲೇಖ ಸೂಚಿಯ ಕಲ್ಪನೆ ನ್ಯಾಯಾಲಯಗಳಿಂದ ಬಂದದ್ದು. ಅಮೆರಿಕದಲ್ಲಿ ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ತಿಳಿಸುವ ಶೆಪರ್ಡ್ ಸೂಚಿ ಹತ್ತೊಂಬತ್ತನೆಯ ಶತಮಾನದಿಂದಲೇ ವಕೀಲರ ಬಳಕೆಯಲ್ಲಿತ್ತು. ಇದನ್ನು ವಿಜ್ಞಾನ ಸಾಹಿತ್ಯಕ್ಕೆ ಅನ್ವಯಿಸಬಹುದೆಂದು ಯೂಜೀನ್ ಗಾರ್ಫೀಲ್ಡ್ 1955ರ ಲೇಖನವೊಂದರಲ್ಲಿ ಸೂಚಿಸಿದರು. ಅವರ ಸಂಸ್ಥೆಯಿಂದ ಸೈನ್ಸ್ ಸೈಟೇಷನ್ ಇಂಡೆಕ್ಸ್ 1964ರಲ್ಲಿ ಹೊರಬಂತು. ಸಮಾಜ ವಿಜ್ಞಾನಗಳ ಸೂಚಿ 1973ರಲ್ಲಿ ಬಂತು. ಗಾರ್ಫೀಲ್ಡರ ಮೊದಲ ಉದ್ದೇಶ ಹುಡುಕಾಟವೇ ಹೊರತು ಶ್ರೇಯಾಂಕವಲ್ಲ ಎಂಬುದು ಗಮನಾರ್ಹ. ಹಳೆಯ ಲೇಖನವೊಂದು ಕೈಯಲ್ಲಿದ್ದರೆ, ಅದನ್ನು ಬಳಸಿಕೊಂಡ ಹೊಸ ಲೇಖನಗಳು ಯಾವುವೆಂದು ತಿಳಿಯುವುದು ಸಂಶೋಧಕನಿಗೆ ದೊಡ್ಡ ಅನುಕೂಲ. ಆಕರಸೂಚಿ ಹಿಂದಕ್ಕೆ ನೋಡುತ್ತದೆ, ಉಲ್ಲೇಖ ಸೂಚಿ ಮುಂದಕ್ಕೆ ನೋಡುತ್ತದೆ. ಹುಡುಕಲು ಕೂಡಿಟ್ಟದ್ದನ್ನು ಮುಂದೆ ಎಣಿಸತೊಡಗಿದರು, ಎಣಿಸಿದ್ದನ್ನು ಹೋಲಿಸತೊಡಗಿದರು.

ಇಂದು ಹೆಚ್ಚು ಬಳಕೆಯಲ್ಲಿರುವ ಎಚ್-ಸೂಚ್ಯಂಕವನ್ನು 2005ರಲ್ಲಿ ರೂಪಿಸಿದವರು ಭೌತವಿಜ್ಞಾನಿ ಜಾರ್ಜ್ ಹರ್ಷ್. ಒಬ್ಬರ ಬರಹಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ, ಎಷ್ಟನೆಯ ಬರಹದವರೆಗೆ ಅದರ ಉಲ್ಲೇಖಸಂಖ್ಯೆ ಅದರ ಕ್ರಮಸಂಖ್ಯೆಗಿಂತ ಕಡಿಮೆಯಾಗುವುದಿಲ್ಲವೋ ಅದೇ ಎಚ್. ಆರು ಲೇಖನಗಳಿಗೆ ಕ್ರಮವಾಗಿ 40, 22, 9, 5, 4, 1 ಉಲ್ಲೇಖಗಳಿದ್ದರೆ ನಾಲ್ಕನೆಯದಕ್ಕೆ 5 ಇವೆ, ಐದನೆಯದಕ್ಕೆ ನಾಲ್ಕೇ ಇವೆ. ಆದುದರಿಂದ ಎಚ್ 4. ಮಾಹಿತಿ ವಿಜ್ಞಾನಿಗಳು ಈ ಅಳತೆಗೋಲನ್ನು ಕೂಡಲೇ ತಮ್ಮವರ ಮೇಲೆಯೇ ಪ್ರಯೋಗಿಸಿದರು. ಬ್ಲೇಸ್ ಕ್ರೋನಿನ್ ಮತ್ತು ಲೋಕ್ಮನ್ ಮೆಹೊ 2006ರಲ್ಲಿ ಪ್ರಭಾವಶಾಲಿ ಮಾಹಿತಿ ವಿಜ್ಞಾನಿಗಳ ಎಚ್-ಸೂಚ್ಯಂಕಗಳನ್ನು ಲೆಕ್ಕಹಾಕಿ, ಒಟ್ಟು ಉಲ್ಲೇಖಗಳ ಸಂಖ್ಯೆಯೊಡನೆ ಹೋಲಿಸಿದರು. ಲಿಯೊ ಎಗ್ಗೆ ಅದೇ ವರ್ಷ ಜಿ-ಸೂಚ್ಯಂಕವನ್ನು ಮುಂದಿಟ್ಟರು.

ಎಚ್-ಸೂಚ್ಯಂಕದ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳಬಹುದು: ಅದು ಬರಹಗಳ ಒಟ್ಟು ಸಂಖ್ಯೆಯನ್ನು ಎಂದಿಗೂ ಮೀರಲಾರದು. ಜೀವಮಾನದಲ್ಲಿ ಒಂದೇ ಗ್ರಂಥ ಬರೆದವನನ್ನು ಆರುನೂರು ಜನ ಉಲ್ಲೇಖಿಸಿದರೂ ಅವನ ಎಚ್ ಒಂದೇ. ವರ್ಷಕ್ಕೆ ಹತ್ತು ಸಣ್ಣ ಲೇಖನ ಬರೆಯುವ ಶಾಸ್ತ್ರಕ್ಕೂ ಹತ್ತು ವರ್ಷಕ್ಕೆ ಒಂದು ಗ್ರಂಥ ಬರೆಯುವ ಶಾಸ್ತ್ರಕ್ಕೂ ಇದನ್ನು ಸಮನಾಗಿ ಹಿಡಿಯುವುದು ಬಂಗಾರದ ತಕ್ಕಡಿಯಲ್ಲಿ ಹುಲ್ಲಿನ ಹೊರೆ ತೂಗಿದಂತೆ. ತಕ್ಕಡಿಯ ದೋಷವೂ ಅಲ್ಲ, ಹುಲ್ಲಿನ ದೋಷವೂ ಅಲ್ಲ.

ಸಹಯೋಗವನ್ನು ಅಳೆಯುವ ಸೂತ್ರಗಳು ಇನ್ನೂ ಸರಳ. ಕೆ. ಸುಬ್ರಹ್ಮಣ್ಯಂ 1983ರಲ್ಲಿ ಹೇಳಿದ ಸಹಯೋಗದ ಪ್ರಮಾಣವೆಂದರೆ, ಒಟ್ಟು ಬರಹಗಳಲ್ಲಿ ಒಬ್ಬರಿಗಿಂತ ಹೆಚ್ಚು ಲೇಖಕರಿರುವ ಬರಹಗಳ ಪಾಲು. ಎಲ್ಲವನ್ನೂ ಒಂಟಿಯಾಗಿ ಬರೆದವರಿಗೆ ಇದು ಸೊನ್ನೆ, ಎಲ್ಲವನ್ನೂ ಜೊತೆಗೂಡಿ ಬರೆದವರಿಗೆ ಒಂದು. ಇನ್ನೊಂದು ದಾರಿ ಸಹ-ಉಲ್ಲೇಖದ್ದು. ಎರಡು ಬರಹಗಳನ್ನು ಮೂರನೆಯ ಲೇಖಕರು ಮತ್ತೆ ಮತ್ತೆ ಒಟ್ಟಿಗೆ ಉಲ್ಲೇಖಿಸುತ್ತಿದ್ದರೆ ಅವುಗಳ ನಡುವೆ ವಿಷಯಸಂಬಂಧವಿದೆ ಎಂಬ ತತ್ತ್ವವನ್ನು 1973ರಲ್ಲಿ ಅಮೆರಿಕದ ಹೆನ್ರಿ ಸ್ಮಾಲ್ ಮತ್ತು ರಷ್ಯದ ಇರಿನಾ ಮಾರ್ಷಕೋವಾ ಸ್ವತಂತ್ರವಾಗಿ ಕಂಡುಕೊಂಡರು. 1981ರಲ್ಲಿ ಹೊವಾರ್ಡ್ ವೈಟ್ ಮತ್ತು ಬೆಲ್ವರ್ ಗ್ರಿಫಿತ್ ಇದನ್ನು ಬರಹಗಳಿಂದ ಲೇಖಕರಿಗೆ ವಿಸ್ತರಿಸಿ ಮಾಹಿತಿ ವಿಜ್ಞಾನದ ಒಂದು ನಕಾಶೆಯನ್ನೇ ಬರೆದರು. ಪರಸ್ಪರ ಮುಖ ನೋಡದವರೂ ಇಂಥ ನಕಾಶೆಯಲ್ಲಿ ನೆರೆಯವರಾಗಿ ಕಾಣಬಹುದು.

ಒಬ್ಬ ರಂಗನಾಥನ್, ಹಲವು ನಮೂದುಗಳು

ಈ ಸಾಧನಗಳನ್ನು ಹಿಡಿದು ರಂಗನಾಥನ್ ಅವರ ಬಳಿಗೆ ಹೋದಾಗ ಎದುರಾಗುವ ಮೊದಲ ತೊಡಕು ಹೆಸರಿನದು. ಶಿಯಾಳಿ ಊರ ಹೆಸರು, ರಾಮಾಮೃತ ತಂದೆಯ ಹೆಸರು, ರಂಗನಾಥನ್ ಸ್ವಂತ ಹೆಸರು. ಪಾಶ್ಚಾತ್ಯ ಸೂಚಿಗಳು ಕೊನೆಯದನ್ನು ಮನೆತನದ ಹೆಸರೆಂದು ತಿಳಿದು, ಉಳಿದೆರಡನ್ನು ಮೊದಲಕ್ಷರಗಳಾಗಿಸುತ್ತವೆ. ಫಲವಾಗಿ ಅವರು ದಕ್ಷಿಣ ಭಾರತದ ಅಸಂಖ್ಯ ರಂಗನಾಥನ್‌ಗಳ ಸಾಲಿನಲ್ಲಿ ಒಬ್ಬರಾಗುತ್ತಾರೆ. ಮೊದಲಕ್ಷರಗಳಲ್ಲಿ ಒಂದು ಬಿಟ್ಟುಹೋದರೆ ಇನ್ನೊಬ್ಬ ವ್ಯಕ್ತಿಯೇ ಹುಟ್ಟಿಕೊಳ್ಳುತ್ತಾನೆ. ನಮ್ಮಲ್ಲಿ ಕವಿಚರಿತೆಯ ಆರ್. ನರಸಿಂಹಾಚಾರ್ ಮತ್ತು ಗ್ರಂಥಸಂಪಾದನೆಯ ಡಿ. ಎಲ್. ನರಸಿಂಹಾಚಾರ್ ಇಬ್ಬರನ್ನೂ ಬರಿಯ ನರಸಿಂಹಾಚಾರ್ ಎಂದು ಬರೆದ ಅಡಿಟಿಪ್ಪಣಿಯನ್ನು ಯಂತ್ರವೊಂದು ಓದಿದರೆ ಆಗುವ ಗೊಂದಲ ಇಂಥದೇ. ಕನ್ನಡ ಬಲ್ಲ ಓದುಗನಿಗೆ ಸಂದರ್ಭದಿಂದಲೇ ತಿಳಿಯುತ್ತದೆ, ಯಂತ್ರಕ್ಕೆ ಸಂದರ್ಭವಿಲ್ಲ.

ಎರಡನೆಯದು ಆವೃತ್ತಿಗಳ ತೊಡಕು. ರಂಗನಾಥನ್ ಅವರ ದ್ವಿಬಿಂದು ವರ್ಗೀಕರಣ ಮೊದಲು ಪ್ರಕಟವಾದದ್ದು 1933ರಲ್ಲಿ. ಅದರ ಪರಿಷ್ಕೃತ ಆವೃತ್ತಿಗಳು 1939, 1950, 1952, 1957, 1960ರಲ್ಲಿ ಬಂದವು. ಏಳನೆಯದು ಅವರ ನಿಧನಾನಂತರ 1987ರಲ್ಲಿ ಎಂ. ಎ. ಗೋಪಿನಾಥ್ ಅವರ ಸಂಪಾದನೆಯಲ್ಲಿ ಹೊರಬಂತು. ಇವು ಬರಿಯ ಮರುಮುದ್ರಣಗಳಲ್ಲ, ಒಂದೊಂದರಲ್ಲೂ ಸಿದ್ಧಾಂತವೇ ಬದಲಾಗಿದೆ. ವರ್ಗೀಕರಣ ಸಿದ್ಧಾಂತವನ್ನು ಕುರಿತ ಪ್ರೊಲೆಗೊಮೆನ ಗ್ರಂಥವೂ 1937, 1957, 1967ರ ಮೂರು ರೂಪಗಳಲ್ಲಿದೆ. ಉಲ್ಲೇಖ ಸೂಚಿ ಲೇಖಕರು ಬರೆದ ವರ್ಷ, ಶೀರ್ಷಿಕೆಗಳನ್ನು ಬರೆದಂತೆಯೇ ದಾಖಲಿಸುವುದರಿಂದ ಒಂದೇ ಗ್ರಂಥದ ಉಲ್ಲೇಖಗಳು ಹಲವು ನಮೂದುಗಳಲ್ಲಿ ಚದುರುತ್ತವೆ. ಎಲ್ಲವನ್ನೂ ಒಂದು ಗ್ರಂಥವೆಂದು ಕೂಡಿಸಿದರೆ ಒಟ್ಟು ಉಲ್ಲೇಖ ಅಷ್ಟೇ ಇದ್ದು ಎಚ್ ತಗ್ಗಬಹುದು, ಬೇರೆ ಬೇರೆಯಾಗಿ ಇಟ್ಟರೆ ಎಚ್ ಏರಬಹುದು. ಒಬ್ಬ ವಿದ್ವಾಂಸನ ಪ್ರಭಾವ ಗುಮಾಸ್ತನ ಕೂಡಿಸುವ ಬಗೆಯನ್ನು ಅವಲಂಬಿಸಿ ಏರಿಳಿಯುವುದಾದರೆ ಆ ಅಂಕಿಯನ್ನು ದಶಾಂಶದವರೆಗೆ ಹೇಳುವುದರಲ್ಲಿ ಅರ್ಥವಿಲ್ಲ. ಗ್ರಂಥಸಂಪಾದನೆಯ ಅಭ್ಯಾಸವಿರುವ ಕನ್ನಡ ಸಂಶೋಧಕರಿಗೆ ಈ ಸಮಸ್ಯೆ ಹೊಸದಲ್ಲ. ಒಂದೇ ಕೃತಿಯ ಪಾಠಗಳೋ, ಬೇರೆ ಬೇರೆ ಕೃತಿಗಳೋ ಎಂಬುದನ್ನು ಎಣಿಸುವ ಮೊದಲು ನಿರ್ಣಯಿಸಬೇಕು. ಆ ನಿರ್ಣಯ ವಿದ್ವತ್ತಿನದೇ ಹೊರತು ಗಣಿತದ್ದಲ್ಲ.

ಮೂರನೆಯ ತೊಡಕು ಹೆಚ್ಚು ಮುಖ್ಯವಾದದ್ದು. ಉಲ್ಲೇಖ ಸೂಚಿಗಳು ಮೂಲತಃ ನಿಯತಕಾಲಿಕೆಗಳನ್ನು ಆಧರಿಸಿದವು. ನಿಯತಕಾಲಿಕೆಯ ಲೇಖನ ಒಂದು ಗ್ರಂಥವನ್ನು ಉಲ್ಲೇಖಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ. ಒಂದು ಗ್ರಂಥ ಇನ್ನೊಂದು ಗ್ರಂಥವನ್ನು ಉಲ್ಲೇಖಿಸಿದರೆ ಬಹುಕಾಲ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಗ್ರಂಥಗಳನ್ನೂ ಆಕರವಾಗಿಸಿಕೊಂಡ ಪ್ರತ್ಯೇಕ ಸೂಚಿ ವೆಬ್ ಆಫ್ ಸೈನ್ಸ್‌ನಲ್ಲಿ ಬಂದದ್ದು 2011ರಲ್ಲಿ. ರಂಗನಾಥನ್ ಅವರ ಪ್ರಭಾವ ಮೊದಲು ಹರಡಿದ್ದು ಪಠ್ಯಗ್ರಂಥಗಳಲ್ಲಿ, ಗ್ರಂಥಾಲಯಗಳ ಕೈಪಿಡಿಗಳಲ್ಲಿ, ತರಗತಿಯ ಟಿಪ್ಪಣಿಗಳಲ್ಲಿ. ಅವರು ಸಂಪಾದಕರಾಗಿ 1954ರಲ್ಲಿ ಆರಂಭಿಸಿದ ಆ್ಯನಲ್ಸ್ ಆಫ್ ಲೈಬ್ರರಿ ಸೈನ್ಸ್, 1964ರಲ್ಲಿ ಬೆಂಗಳೂರಿನಿಂದ ಹೊರಟ ಲೈಬ್ರರಿ ಸೈನ್ಸ್ ವಿತ್ ಎ ಸ್ಲ್ಯಾಂಟ್ ಟು ಡಾಕ್ಯುಮೆಂಟೇಷನ್ ಎಂಬ ಪತ್ರಿಕೆಗಳು ಅವರ ಶಿಷ್ಯಪರಂಪರೆಯ ಬರಹಕ್ಕೆ ವೇದಿಕೆಯಾಗಿದ್ದವು. ಸಮಾಜ ವಿಜ್ಞಾನಗಳ ಉಲ್ಲೇಖ ಸೂಚಿ ಹೊರಬರುವ ಹಿಂದಿನ ವರ್ಷವೇ ಅವರು ತೀರಿಕೊಂಡರು ಎಂಬುದನ್ನು ಇಲ್ಲಿ ನೆನೆಯಬಹುದು. ಅವರ ಬದುಕಿನ ಕಾಲದ ಉಲ್ಲೇಖಗಳನ್ನು ಇಂದಿನ ದತ್ತಸಂಚಯದಲ್ಲಿ ಹುಡುಕುವುದೆಂದರೆ ಬೇರೆ ಕಾಲಕ್ಕೆ ಹೆಣೆದ ಬಲೆಯನ್ನು ಬೀಸಿದಂತೆ.

ಹೆಸರು ಅಳಿದು ಉಳಿದ ಪ್ರಭಾವ

ಮೇಲಿನ ತೊಡಕುಗಳು ಆಕರಕ್ಕೆ ಸಂಬಂಧಿಸಿದವು. ಶ್ರಮಪಟ್ಟರೆ ಒಂದಿಷ್ಟು ತಿದ್ದಿಕೊಳ್ಳಬಹುದು. ತಿದ್ದಲಾಗದ ಒಂದು ಸಂಗತಿಯಿದೆ. ಒಂದು ವಿಚಾರ ಶಾಸ್ತ್ರದ ಸಾಮಾನ್ಯ ತಿಳಿವಳಿಕೆಯಲ್ಲಿ ಪೂರ್ತಿ ಕರಗಿಹೋದಾಗ ಅದನ್ನು ಮೊದಲು ಹೇಳಿದವರನ್ನು ಉಲ್ಲೇಖಿಸುವುದು ನಿಂತುಹೋಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು, ಒಳಗೊಳ್ಳುವಿಕೆಯಿಂದಲೇ ಅಳಿಸಿಹೋಗುವುದು ಎಂಬ ಅರ್ಥದಲ್ಲಿ ವಿವರಿಸಿದ್ದಾರೆ. ಗುರುತ್ವಾಕರ್ಷಣೆಯ ಮಾತು ಬಂದಾಗಲೆಲ್ಲ ಯಾರೂ ನ್ಯೂಟನ್ನನ ಗ್ರಂಥದ ಪುಟಸಂಖ್ಯೆ ಕೊಡುವುದಿಲ್ಲ.

ರಂಗನಾಥನ್ ಅವರ ವಿಷಯದಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆದಿದೆ. ಒಂದು ವಿಷಯಕ್ಕೆ ಮೊದಲೇ ಸಿದ್ಧವಾದ ಸಂಖ್ಯೆಯನ್ನು ಪಟ್ಟಿಯಿಂದ ಹುಡುಕಿ ಕೊಡುವುದು ಹಳೆಯ ವರ್ಗೀಕರಣಗಳ ರೀತಿ. ರಂಗನಾಥನ್ ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಒಂದೊಂದು ಮುಖಕ್ಕೂ ಸಂಖ್ಯೆ ಕೊಟ್ಟು, ಮತ್ತೆ ಜೋಡಿಸುವ ರೀತಿಯನ್ನು ತಂದರು. ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು ಎಂಬ ವಿಷಯದಲ್ಲಿ ವಸ್ತುವೊಂದು, ಕ್ರಿಯೆಯೊಂದು, ದೇಶವೊಂದು, ಕಾಲವೊಂದು ಬೇರೆ ಬೇರೆಯಾಗಿ ಕಾಣುತ್ತವೆ. ಇಂಥ ಮುಖಗಳನ್ನು ಅವರು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಿಗೆ ಇಳಿಸಿದರು. ಇಂದು ಅಂತರಜಾಲದ ಅಂಗಡಿಯಲ್ಲಿ ಸೀರೆ ಕೊಳ್ಳುವವರು ಬಣ್ಣ, ನೂಲು, ಬೆಲೆ, ಊರು ಎಂದು ಒಂದೊಂದಾಗಿ ಗುರುತುಹಾಕಿ ಪಟ್ಟಿಯನ್ನು ಕಿರಿದುಗೊಳಿಸುವಾಗ ಬಳಸುವುದು ಇದೇ ಬಗೆಯ ವಿಶ್ಲೇಷಣೆಯನ್ನು. ಆ ಪುಟ ರಚಿಸಿದ ತಂತ್ರಜ್ಞರು ಅದನ್ನು ಫ್ಯಾಸೆಟ್ ಹುಡುಕಾಟವೆಂದು ಕರೆಯುತ್ತಾರೆ. ರಂಗನಾಥನ್ ಹೆಸರು ಅಲ್ಲಿ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಉಲ್ಲೇಖದ ಲೆಕ್ಕದಲ್ಲಿ ಈ ಬಳಕೆಯೆಲ್ಲ ಸೊನ್ನೆ.

ಪ್ರಭಾವದ ಮೂಲವೇ ಕೆಲವೊಮ್ಮೆ ಉಲ್ಲೇಖಕ್ಕೆ ಸಿಗದ ಜಾಗದಲ್ಲಿರುತ್ತದೆ ಎನ್ನುವುದಕ್ಕೂ ಅವರೇ ನಿದರ್ಶನ. ಬಿಡಿ ತುಂಡುಗಳನ್ನು ಬೇಕಾದಂತೆ ಜೋಡಿಸುವ ಕಲ್ಪನೆ ಅವರಿಗೆ ಹೊಳೆದದ್ದು ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯನ್ನು ನೋಡಿದಾಗ ಎಂಬುದು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಕಥೆ. ಆಟಿಕೆಯ ಪೆಟ್ಟಿಗೆಯನ್ನು ಆಕರಸೂಚಿಯಲ್ಲಿ ಸೇರಿಸುವ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ.

ಈ ವಿದ್ಯಮಾನ ಕನ್ನಡ ವಿದ್ವಾಂಸರಿಗೆ ಬೇರೊಂದು ದಾರಿಯಿಂದ ಪರಿಚಿತ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ತನ್ನ ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳ ಕ್ರಮದಲ್ಲಿ ಜೋಡಿಸಿದನೇ ಹೊರತು ಯಾವುದು ಯಾರದೆಂದು ಹೇಳಲಿಲ್ಲ. ಅವನ ಮಗ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲಿ ತನಗೆ ಪ್ರಮಾಣವಾದ ಕವಿಗಳ ಹೆಸರುಗಳನ್ನು ಹೇಳಿ, ಒಳಗೆ ಪ್ರಯೋಗಗಳನ್ನು ಹೆಸರಿಲ್ಲದೆ ಕೊಟ್ಟ. ಈ ಪದ್ಯಗಳ ಮೂಲ ಹುಡುಕಿ, ಲುಪ್ತಕೃತಿಗಳ ಸುಳಿವು ಹಿಡಿದದ್ದು ಕನ್ನಡ ಸಂಶೋಧನೆಯ ದೊಡ್ಡ ಸಾಧನೆಗಳಲ್ಲಿ ಒಂದು. ಒಂದರ್ಥದಲ್ಲಿ ನಮ್ಮ ಹಿರಿಯರು ಉಲ್ಲೇಖ ವಿಶ್ಲೇಷಣೆಯನ್ನೇ ನಡೆಸಿದರು. ಎಣಿಸುವುದಕ್ಕಾಗಿ ಅಲ್ಲ, ಗುರುತಿಸುವುದಕ್ಕಾಗಿ. ಹೆಸರಿಲ್ಲದ ಉಲ್ಲೇಖವನ್ನು ಗುರುತಿಸಲು ಬೇಕಾದದ್ದು ವ್ಯಾಪಕವಾದ ಓದು. ಇಂದಿನ ದತ್ತಸಂಚಯಗಳು ಹೆಸರಿರುವ ಉಲ್ಲೇಖವನ್ನು ಮಾತ್ರ ಬಲ್ಲವು.

ಮುಖಪುಟದ ಲೆಕ್ಕ, ಮುನ್ನುಡಿಯ ಲೆಕ್ಕ

ಇನ್ನು ಸಹಯೋಗದ ಪ್ರಶ್ನೆ. ರಂಗನಾಥನ್ ಅವರ ಮೊದಲ ದಶಕದ ಪ್ರಮುಖ ಗ್ರಂಥಗಳನ್ನು ಸಾಲಾಗಿ ಇಟ್ಟುಕೊಳ್ಳೋಣ: ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು (1931), ದ್ವಿಬಿಂದು ವರ್ಗೀಕರಣ (1933), ವರ್ಗೀಕೃತ ಸೂಚಿಯ ಸಂಹಿತೆ (1934), ಗ್ರಂಥಾಲಯ ಆಡಳಿತ (1935), ಪ್ರೊಲೆಗೊಮೆನ (1937), ಗ್ರಂಥಾಲಯ ಸೂಚಿಯ ಸಿದ್ಧಾಂತ (1938), ಪರಾಮರ್ಶನ ಸೇವೆ ಮತ್ತು ಗ್ರಂಥಸೂಚಿಯನ್ನು ಕುರಿತ ಗ್ರಂಥದ ಮೊದಲ ಸಂಪುಟ (1940). ಈ ಏಳರಲ್ಲಿ ಕೊನೆಯದರ ಮುಖಪುಟದಲ್ಲಿ ಮಾತ್ರ ಸಿ. ಸುಂದರಂ ಅವರ ಹೆಸರು ಜೊತೆಯಲ್ಲಿದೆ. ಸುಬ್ರಹ್ಮಣ್ಯಂ ಸೂತ್ರದಂತೆ ಸಹಯೋಗದ ಪ್ರಮಾಣ ಏಳರಲ್ಲಿ ಒಂದು, ಎಂದರೆ 0.14. ಉಲ್ಲೇಖಿತ ಗ್ರಂಥದ ಮೊದಲ ಲೇಖಕನನ್ನು ಮಾತ್ರ ದಾಖಲಿಸುವುದು ಹಳೆಯ ಉಲ್ಲೇಖ ಸೂಚಿಗಳ ಕ್ರಮವಾಗಿದ್ದುದರಿಂದ, ಆ ಒಂದು ಗ್ರಂಥದಲ್ಲಿಯೂ ಸುಂದರಂ ಅವರು ಕಾಣಿಸುವುದಿಲ್ಲ. ಅಂಕಿಗಳನ್ನಷ್ಟೇ ನೋಡುವವರು ರಂಗನಾಥನ್ ಒಂಟಿ ವಿದ್ವಾಂಸರೆಂದು ತೀರ್ಮಾನಿಸಿಯಾರು.

ಗ್ರಂಥಗಳನ್ನು ಬಿಚ್ಚಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಪಂಚಸೂತ್ರಗಳ ಗ್ರಂಥಕ್ಕೆ ಪ್ರಸ್ತಾವನೆ ಬರೆದವರು ಲಂಡನ್ನಿನಲ್ಲಿ ಅವರ ಗುರುಗಳಾಗಿದ್ದ ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್. ಸೂಚಿಯ ಸಂಹಿತೆಯ 1964ರ ಆವೃತ್ತಿ ಎ. ನೀಲಮೇಘನ್ ಅವರ ನೆರವಿನಿಂದ, ಪ್ರೊಲೆಗೊಮೆನದ 1967ರ ಆವೃತ್ತಿ ಎಂ. ಎ. ಗೋಪಿನಾಥ್ ಅವರ ನೆರವಿನಿಂದ ಸಿದ್ಧವಾದವು. ಆ ಮಾತು ಗ್ರಂಥಗಳಲ್ಲೇ ದಾಖಲಾಗಿದೆ. ಈ ಇಬ್ಬರೂ ಮುಂದೆ ತಮ್ಮಷ್ಟಕ್ಕೆ ಗಣ್ಯ ವಿದ್ವಾಂಸರಾದರು. ನೆರವು ನೀಡಿದವರನ್ನು ಸಹಲೇಖಕರೆಂದು ಹಿಡಿದರೆ ಈ ಎರಡು ಆವೃತ್ತಿಗಳ ಸಹಯೋಗದ ಪ್ರಮಾಣ ಒಂದು, ಹಿಡಿಯದಿದ್ದರೆ ಸೊನ್ನೆ. ನಡುವೆ ಏನೂ ಇಲ್ಲ. ಗುರುವಿನ ಗ್ರಂಥವನ್ನು ಶಿಷ್ಯ ತಿದ್ದಿ, ವಿಸ್ತರಿಸಿ, ಕರಡು ನೋಡಿ, ಮುಂದಿನ ಆವೃತ್ತಿಗೆ ಅಣಿಗೊಳಿಸುವ ಸಂಬಂಧಕ್ಕೆ ಈ ಸೂತ್ರದಲ್ಲಿ ಸ್ಥಾನವಿಲ್ಲ.

ಕೃತಜ್ಞತೆಯ ಪುಟಗಳನ್ನೂ ವಿದ್ವತ್ ವಿನಿಮಯದ ಆಕರವೆಂದು ಪರಿಗಣಿಸಬೇಕು ಎಂಬ ವಾದವನ್ನು ಬ್ಲೇಸ್ ಕ್ರೋನಿನ್ 1995ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ಮುಖಪುಟಕ್ಕೆ ಬಾರದ ಸಹಯೋಗವೂ ಸಹಯೋಗವೇ. ಇದರ ಆಚೆಗೆ ಇನ್ನೊಂದು ವಲಯವಿದೆ. ಡೆರೆಕ್ ಪ್ರೈಸ್ 1963ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ ಅದೃಶ್ಯ ವಿದ್ಯಾಲಯ, ಎಂದರೆ ಸಂಸ್ಥೆ, ದೇಶಗಳ ಗಡಿ ಮೀರಿ ಪತ್ರ, ಕರಡು, ಭೇಟಿಗಳ ಮೂಲಕ ಒಂದಾಗಿ ಯೋಚಿಸುವ ವಿದ್ವಾಂಸರ ಬಳಗ. ರಂಗನಾಥನ್ ಮತ್ತು ಲಂಡನ್ನಿನಲ್ಲಿ 1952ರಲ್ಲಿ ಸೇರಿದ ವರ್ಗೀಕರಣ ಸಂಶೋಧನ ಬಳಗದ ಸಂಬಂಧ ಇಂಥದು. ಬ್ರಯನ್ ವಿಕರಿ, ಡಗ್ಲಸ್ ಫಾಸ್ಕೆಟ್, ಜ್ಯಾಕ್ ಮಿಲ್ಸ್ ಮೊದಲಾದವರಿದ್ದ ಆ ಬಳಗ, ಮಾಹಿತಿ ಶೋಧದ ಎಲ್ಲ ಪದ್ಧತಿಗಳಿಗೂ ಫ್ಯಾಸೆಟ್ ವರ್ಗೀಕರಣವೇ ಬುನಾದಿಯಾಗಬೇಕೆಂದು 1955ರಲ್ಲಿ ಸಾರಿತು. 1957ರಲ್ಲಿ ಡಾರ್ಕಿಂಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ರಂಗನಾಥನ್ ಮತ್ತು ಅವರು ಮುಖಾಮುಖಿಯಾದರು. ಇಲ್ಲಿ ಒಪ್ಪಿಗೆಯಿದ್ದಂತೆ ಭಿನ್ನಾಭಿಪ್ರಾಯವೂ ಇತ್ತು. ಐದು ಮೂಲವರ್ಗಗಳ ಕಟ್ಟನ್ನು ಆ ಬಳಗದವರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದೊಂದು ಶಾಸ್ತ್ರಕ್ಕೂ ತಕ್ಕಂತೆ ವರ್ಗಗಳನ್ನು ಹೆಚ್ಚಿಸಿಕೊಂಡರು. ಇಂಥ ಸಂಬಂಧವನ್ನು ಜಂಟಿ ಲೇಖನಗಳ ಎಣಿಕೆ ಹಿಡಿಯಲಾರದು. ಸಹ-ಉಲ್ಲೇಖ ಹಿಡಿಯಬಲ್ಲದು, ಏಕೆಂದರೆ ಮುಂದಿನ ಲೇಖಕರು ರಂಗನಾಥನ್ ಜೊತೆಗೆ ವಿಕರಿಯನ್ನೂ ಹೆಸರಿಸುತ್ತಾರೆ. ಎಣಿಕೆಯ ಪದ್ಧತಿಗಳಲ್ಲೆಲ್ಲ ಇದೊಂದು ಪ್ರಸ್ತುತ ಲೇಖಕನಿಗೆ ಹೆಚ್ಚು ಉಪಯುಕ್ತವಾಗಿ ಕಂಡಿದೆ. ಅದು ಯಾರು ದೊಡ್ಡವರು ಎಂದು ಕೇಳುವುದಿಲ್ಲ, ಯಾರು ಯಾರ ನೆರೆಯಲ್ಲಿದ್ದಾರೆ ಎಂದು ಕೇಳುತ್ತದೆ.

ಕನ್ನಡದ ಸಂದರ್ಭ

ರಂಗನಾಥನ್ ಅವರಿಗಾದದ್ದು ಕನ್ನಡ ವಿದ್ವಾಂಸರಿಗೆ ಇನ್ನೂ ತೀವ್ರವಾಗಿ ಆಗುತ್ತದೆ. ಅವರು ಬರೆದದ್ದು ಇಂಗ್ಲಿಷಿನಲ್ಲಿ. ನಿಯತಕಾಲಿಕೆಗಳಾದರೂ ಅವರನ್ನು ಉಲ್ಲೇಖಿಸಿದವು. 1919ರಿಂದ ನಡೆದುಬಂದ ಪ್ರಬುದ್ಧ ಕರ್ಣಾಟಕದ ಸಂಪುಟಗಳಲ್ಲಿ ಕನ್ನಡದ ಶಾಸನ, ಛಂದಸ್ಸು, ವ್ಯ್ಯಾಕರಣಗಳನ್ನು ಕುರಿತು ನಡೆದ ವಾದಗಳೆಲ್ಲ ಈ ದತ್ತಸಂಚಯಗಳ ಹೊರಗಿವೆ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919, 1929ರಲ್ಲಿ ಪ್ರಕಟವಾದವು. ಅಂದಿನಿಂದ ಹಳಗನ್ನಡ ಕವಿಯೊಬ್ಬನ ಕಾಲದ ಬಗ್ಗೆ ಬರೆದವರು ಕವಿಚರಿತೆಕಾರರು ಎಂಬ ಒಂದು ಮಾತಿನಲ್ಲಿ ಅವರನ್ನು ಕರೆದು ಮುಂದೆ ಸಾಗುತ್ತಾರೆ. ಸಂಪುಟವಿಲ್ಲ, ಪುಟವಿಲ್ಲ, ಕೆಲವೊಮ್ಮೆ ಹೆಸರೂ ಇಲ್ಲ. ಅದು ಗೌರವದ ಪರಮಾವಧಿಯಾದರೂ ಯಂತ್ರದ ಲೆಕ್ಕಕ್ಕೆ ಸಿಗುವಂಥದಲ್ಲ. 1894ರ ಕಿಟ್ಟೆಲ್ ನಿಘಂಟಿನ ಸ್ಥಿತಿಯೂ ಹೀಗೆಯೇ: ಕಿಟ್ಟೆಲ್ ಹೀಗೆನ್ನುತ್ತಾರೆ ಎಂದರೆ ಸಾಕು.

ಗ್ರಂಥಸಂಪಾದಕರ ಪಾಡು ಇನ್ನೂ ಬೇರೆ. ಪಂಪಭಾರತದ ಪದ್ಯವೊಂದನ್ನು ಎತ್ತಿಕೊಳ್ಳುವವರು ಆಶ್ವಾಸ ಮತ್ತು ಪದ್ಯಸಂಖ್ಯೆ ಕೊಡುತ್ತಾರೆ. ಆ ಪಾಠವನ್ನು ನಿರ್ಣಯಿಸಿದ ಸಂಪಾದಕರ ಹೆಸರನ್ನು ಕೊಡುವುದಿಲ್ಲ. ಓಲೆಗರಿಗಳ ಮುಂದೆ ವರ್ಷಗಟ್ಟಲೆ ಕುಳಿತವರ ಉಲ್ಲೇಖ ಪಂಪನ ಖಾತೆಗೆ ಜಮೆಯಾಗುತ್ತದೆ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ 1970ರಿಂದ 1995ರವರೆಗೆ ಪ್ರಕಟವಾಯಿತು. ಅದರ ಹಿಂದೆ ಸಂಪಾದಕ ಸಮಿತಿಯಿತ್ತು, ಚೀಟಿ ಬರೆದವರಿದ್ದರು, ಪ್ರಯೋಗ ಹುಡುಕಿದವರಿದ್ದರು. ಕನ್ನಡದಲ್ಲಿ ಸಹಯೋಗದ ವಿದ್ವತ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು. ಸಹಲೇಖಕರ ಜಾಲವನ್ನು ಬಿಡಿಸುವ ಯಾವ ತಂತ್ರಾಂಶವೂ ಅದನ್ನು ತೋರಿಸದು.

ಇದರ ಆಡಳಿತಾತ್ಮಕ ಪರಿಣಾಮವನ್ನೂ ನೋಡಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಕೋಷ್ಟಕದಲ್ಲಿ ಭಾಷೆ ಮತ್ತು ಮಾನವಿಕಗಳ ಅಧ್ಯಾಪಕರ ಒಂದು ಸಂಶೋಧನ ಲೇಖನಕ್ಕೆ 10 ಅಂಕ, ವಿಜ್ಞಾನದವರಿಗೆ 8 ಅಂಕ ನಿಗದಿಯಾಗಿದ್ದವು. ಮೇಲುನೋಟಕ್ಕೆ ಇದು ನಮಗೆ ಅನುಕೂಲ. ಆದರೆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದಂತೆ ಹೆಚ್ಚುವರಿ ಅಂಕಗಳನ್ನು ಕೊಡುವ ವಿಧಿ ಅದೇ ಕೋಷ್ಟಕದ ಕೆಳಗಿತ್ತು; ಕನ್ನಡದ ಪತ್ರಿಕೆಗಳಿಗೆ ಅದರ ಪ್ರಯೋಜನವಿಲ್ಲ. ಇಬ್ಬರು ಸೇರಿ ಬರೆದ ಲೇಖನಕ್ಕೆ ಒಬ್ಬೊಬ್ಬರಿಗೂ ಶೇಕಡಾ 70 ಸಲ್ಲುವುದೆಂದು ಹೇಳಲಾಗಿತ್ತು. ಎರಡನ್ನೂ ಕೂಡಿಸಿದರೆ 140. ಒಂಟಿಯಾಗಿ ಬರೆದವರಿಗೆ 100. ಪ್ರಯೋಗಾಲಯದ ಶಾಸ್ತ್ರಗಳಲ್ಲಿ ಜಂಟಿ ಬರಹ ಸಹಜ, ಅಲ್ಲಿ ಈ ವಿಧಿಗೆ ಸಮರ್ಥನೆಯಿದೆ. ಕನ್ನಡದಲ್ಲಿ ಮಾರ್ಗದರ್ಶಕರು ವಿದ್ಯಾರ್ಥಿಯ ಪ್ರಬಂಧದ ಸಾಲುಸಾಲನ್ನೂ ತಿದ್ದಿ, ಕೊನೆಗೆ ಮುನ್ನುಡಿಯೊಂದನ್ನು ಮಾತ್ರ ಬರೆದುಕೊಟ್ಟು ಹಿಂದೆ ಸರಿಯುವ ಸಂಪ್ರದಾಯವಿತ್ತು. ಈಗ ವಿದ್ಯಾರ್ಥಿಯ ಲೇಖನದ ಮೇಲೆ ಗುರುವಿನ ಹೆಸರೂ ಸೇರುವುದು ಸಾಮಾನ್ಯವಾಗುತ್ತಿದೆ. ಕೆಲವೆಡೆ ಅದು ನ್ಯಾಯವಾದದ್ದೇ ಇರಬಹುದು. ಆದರೆ ಅಂಕಗಳ ಆಸೆಗೆ ಹುಟ್ಟಿದ ಸಹಕರ್ತೃತ್ವವನ್ನು ಮುಂದೆ ಯಾರಾದರೂ ಎಣಿಸಿ ಕನ್ನಡದಲ್ಲಿ ಸಹಯೋಗ ಬೆಳೆದಿದೆ ಎಂದು ಹೇಳಿದರೆ ಅದು ತಪ್ಪು ತೀರ್ಮಾನವಾಗುತ್ತದೆ. ಒಪ್ಪಿತ ಪತ್ರಿಕೆಗಳನ್ನು ಗುರುತಿಸಲು 2018ರ ಕೊನೆಯಲ್ಲಿ ಘೋಷಿತವಾದ ಯುಜಿಸಿ-ಕೇರ್ ಪಟ್ಟಿಯನ್ನು ಆಯೋಗ 2025ರಲ್ಲಿ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ನಿರ್ಣಯಿಸುವ ಹೊಣೆಯನ್ನು ಸಂಸ್ಥೆಗಳಿಗೇ ವಹಿಸಿತು. ಆ ಹೊಣೆ ಈಗ ನಮ್ಮ ವಿಭಾಗಗಳ ಮೇಲಿದೆ.

ಅಳತೆಯೇ ಬೇಡವೆನ್ನುವುದು ಈ ಲೇಖನದ ನಿಲುವಲ್ಲ. 2012ರ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯನ್ನು ಅಳೆಯಬಾರದೆಂದಿತು. 2015ರ ಲೈಡನ್ ಪ್ರಣಾಳಿಕೆ ಸ್ಥಳೀಯವಾಗಿ ಮಹತ್ತ್ವದ ಸಂಶೋಧನೆಯನ್ನು ಕಾಪಾಡಬೇಕೆಂದಿತು. ಅದನ್ನು ಬರೆದವರು ಈ ಅಳತೆಗಳನ್ನೇ ವೃತ್ತಿಯಾಗಿ ಉಳ್ಳವರು. ನಮ್ಮಲ್ಲಿ ಆಗಬೇಕಾದ ಕೆಲಸ ಸಣ್ಣದರಿಂದ ಆರಂಭವಾಗಬಹುದು. ಪ್ರಬುದ್ಧ ಕರ್ಣಾಟಕದ ಒಂದು ದಶಕದ ಸಂಪುಟಗಳನ್ನು ತೆಗೆದುಕೊಂಡು, ಅಡಿಟಿಪ್ಪಣಿಗಳಲ್ಲಿ ಮಾತ್ರವಲ್ಲದೆ ಲೇಖನದ ಒಡಲಲ್ಲಿ, ಅರಿಕೆಯಲ್ಲಿ, ಮುನ್ನುಡಿಯಲ್ಲಿ ಬರುವ ವಿದ್ವಾಂಸರ ಹೆಸರುಗಳನ್ನು ಚೀಟಿಗಳಿಗೆ ಇಳಿಸಬೇಕು. ಕವಿಚರಿತೆಕಾರರು ಎಂದಿದ್ದಲ್ಲಿ ಆರ್. ನರಸಿಂಹಾಚಾರ್ ಎಂದು ಬಿಡಿಸಿ ಬರೆಯಬೇಕು. ಪಂಪನ ಪದ್ಯದ ಪಾಠ ಯಾವ ಸಂಪಾದನೆಯದೆಂದು ಗುರುತಿಸಬೇಕು. ಒಪ್ಪಿ ಹೇಳಿದ್ದೋ, ಅಲ್ಲಗಳೆದದ್ದೋ ಎಂಬ ಗುರುತನ್ನು ಪ್ರತಿ ಚೀಟಿಯ ಮೇಲೂ ಹಾಕಬೇಕು. ತೀರ್ಪುಗಳ ಹಳೆಯ ಸೂಚಿಯಲ್ಲಿದ್ದ ಈ ಗುರುತು ವಿಜ್ಞಾನದ ಉಲ್ಲೇಖ ಸೂಚಿಗೆ ಬರುವಾಗ ಬಿಟ್ಟುಹೋಯಿತು. ಎಂ.ಫಿಲ್. ಪದವಿ ನಿಂತಿರುವ ಈ ದಿನಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದು ಒಳ್ಳೆಯ ವಿಷಯ. ಒಬ್ಬ ವಿದ್ಯಾರ್ಥಿಗೆ ಒಂದು ವರ್ಷದ ಸಂಚಿಕೆಗಳನ್ನು ಕೊಟ್ಟರೆ ಹತ್ತು ವಿದ್ಯಾರ್ಥಿಗಳಿಂದ ದಶಕವೊಂದು ಮುಗಿಯುತ್ತದೆ.